ಎಫ್.ಎ. ಫೇಲ್, ಬಿ.ಎ. ಪಾಸ್

ಶ್ರೀನಿವಾಸ ರಾಮಾನುಜನ್ ಅವರ ಹೆಸರು ಕೇಳದ ವಿದ್ಯಾರ್ಥಿ ಇರಲಾರರು. ಅವರು ಹುಟ್ಟಿದ ಡಿಸೆಂಬರ್ 22ನ್ನು ನಾವು ರಾಷ್ಟ್ರೀಯ ಗಣಿತ ದಿನ ಎಂದು ಆಚರಿಸುತ್ತೇವೆ. ಆ ದಿನ ಭಾಷಣ ಮಾಡುವವರು ಹೆಚ್ಚಾಗಿ ಸೈನ್ಸ್ ವಿಭಾಗದವರು. ನಾನು ಕಾಮರ್ಸ್ ವಿಭಾಗ. ಮನೆಯಲ್ಲಿ ಮಾತಾಡುವುದು ಉರ್ದು. ಗಣಿತ ಅಂದರೆ ನನಗೆ ಬೇಸಿಕ್ ಮ್ಯಾಥ್ಸ್ ಪುಸ್ತಕ, ಅದು ಬಿಟ್ಟರೆ ಅಬ್ಬಾ ಅವರ ಅಂಗಡಿಯ ಉದ್ರಿ ಪುಸ್ತಕ. ಆದರೂ ಈ ಸಲ ರಾಮಾನುಜನ್ ಬಗ್ಗೆ ನಾನೇ ಬರೆಯುತ್ತೇನೆ ಎಂದೆ. ಅದಕ್ಕೆ ಎರಡು ಕಾರಣ. ಒಂದು, ಅವರು ಹೊಟ್ಟೆಪಾಡಿಗೆ ಮಾಡಿದ್ದು ಲೆಕ್ಕಪತ್ರ ವಿಭಾಗದ ಗುಮಾಸ್ತನ ಕೆಲಸ, ಅಂದರೆ ನಮ್ಮ ಕಾಮರ್ಸ್‌ನವರ ಕೆಲಸ. ಎರಡು, ನಮ್ಮ ಪಿಯುಸಿಗೆ ಸಮನಾದ ಪರೀಕ್ಷೆಯಲ್ಲಿ ಅವರು ಎರಡು ಸಲ ಫೇಲಾದವರು.

ರಾಮಾನುಜನ್ 1887ರಲ್ಲಿ ತಮಿಳುನಾಡಿನ ಈರೋಡಿನಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ಬೆಳೆದದ್ದು ಕುಂಭಕೋಣಂನಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರ್ ಸೀರೆ ವ್ಯಾಪಾರಿಯ ಅಂಗಡಿಯಲ್ಲಿ ಗುಮಾಸ್ತರು. ತಾಯಿ ಕೋಮಲತ್ತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡುತ್ತಿದ್ದರು. ಬಡತನದ ಮನೆ. ಹುಡುಗ ಶಾಲೆಯಲ್ಲಿ ಎಲ್ಲ ವಿಷಯದಲ್ಲೂ ಮುಂದಿದ್ದ. 1897ರಲ್ಲಿ ಪ್ರೈಮರಿ ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲಿಗನಾಗಿದ್ದ. ಹದಿನಾರನೇ ವಯಸ್ಸಿನ ಹೊತ್ತಿಗೆ ಕಾರ್ ಎಂಬ ಇಂಗ್ಲಿಷ್ ಲೇಖಕರ ಒಂದು ಪುಸ್ತಕ ಅವನ ಕೈಗೆ ಬಂತು. ಅದರಲ್ಲಿ ಸುಮಾರು 5 ಸಾವಿರ ಸೂತ್ರಗಳು ಒಂದರ ಕೆಳಗೆ ಒಂದು ಇದ್ದವು. ಹೆಚ್ಚಿನವಕ್ಕೆ ವಿವರಣೆ ಇರಲಿಲ್ಲ, ಇದ್ದರೂ ಒಂದೆರಡು ಸಾಲು. ಬೇರೆಯವರಾಗಿದ್ದರೆ ಪುಸ್ತಕ ಮುಚ್ಚಿಡುತ್ತಿದ್ದರು. ಈ ಹುಡುಗ ಒಂದೊಂದನ್ನೂ ತಾನೇ ಸಾಧಿಸಿ ನೋಡಲು ಕೂತ.

ಅಲ್ಲಿಂದ ತೊಂದರೆಯೂ ಶುರುವಾಯಿತು. 1904ರಲ್ಲಿ ಕುಂಭಕೋಣಂನ ಸರ್ಕಾರಿ ಕಾಲೇಜಿಗೆ ವಿದ್ಯಾರ್ಥಿವೇತನದೊಂದಿಗೆ ಸೇರಿದರು. ಓದಬೇಕಿದ್ದದ್ದು ಎಫ್.ಎ., ಮೆಟ್ರಿಕ್ ಆದ ಮೇಲಿನ ಎರಡು ವರ್ಷದ ಓದು. ಇಂಗ್ಲಿಷ್, ಸಂಸ್ಕೃತ, ಗ್ರೀಕ್ ಮತ್ತು ರೋಮನ್ ಇತಿಹಾಸ, ಶರೀರಶಾಸ್ತ್ರ, ಗಣಿತ, ಎಲ್ಲದರಲ್ಲೂ ಪಾಸಾಗಬೇಕು. ರಾಮಾನುಜನ್‌ಗೆ ಗಣಿತ ಬಿಟ್ಟು ಬೇರೇನೂ ರುಚಿಸಲಿಲ್ಲ. ಇಂಗ್ಲಿಷ್‌ನಲ್ಲಿ ಫೇಲಾದರು, ವಿದ್ಯಾರ್ಥಿವೇತನ ಹೋಯಿತು. ಫೀ ಕಟ್ಟುವ ಶಕ್ತಿ ಮನೆಗಿರಲಿಲ್ಲ. 1905ರಲ್ಲಿ ಯಾರಿಗೂ ಹೇಳದೆ ವಿಶಾಖಪಟ್ಟಣಕ್ಕೆ ಓಡಿಹೋದರು. ಮರುವರ್ಷ ಮದ್ರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿದರು. ನಡುವೆ ಕಾಯಿಲೆ ಬಿದ್ದರು. 1906ರಲ್ಲಿ ಎಫ್.ಎ. ಫೇಲ್. 1907ರಲ್ಲಿ ಖಾಸಗಿಯಾಗಿ ಕಟ್ಟಿದರು, ಮತ್ತೆ ಫೇಲ್. ಅಲ್ಲಿಗೆ ಕಾಲೇಜು ಮುಗಿಯಿತು.

ಇಲ್ಲಿ ನಮ್ಮ ಅಂಕಪಟ್ಟಿಯ ಬಗ್ಗೆ ಒಂದು ಮಾತು. ಅಂಕಪಟ್ಟಿಯ ಕೆಳಗೆ ಟೋಟಲ್ ಇರುವುದರಿಂದ ಅಲ್ಲಿ ಕೂಡುವ ಲೆಕ್ಕ ನಡೆಯುತ್ತದೆ ಅಂದುಕೊಳ್ಳುತ್ತೇವೆ. ನಿಜವಾಗಿ ಅಲ್ಲಿ ನಡೆಯುವುದು ಗುಣಾಕಾರ, ಉರ್ದುವಿನಲ್ಲಿ ನಾವು ಅನ್ನುವ ಜರ್ಬ್. ಐದು ಕಡೆ ನೂರಿದ್ದರೂ ಒಂದು ಕಡೆ ಸೊನ್ನೆ ಇದ್ದರೆ ಉತ್ತರ ಸೊನ್ನೆ. ರಾಮಾನುಜನ್‌ಗೆ ಆದದ್ದು ಅದೇ.

ಮುಂದಿನ ವರ್ಷಗಳು ಕಷ್ಟದವು. 1909ರಲ್ಲಿ ಜಾನಕಿ ಎಂಬ ಪುಟ್ಟ ಹುಡುಗಿಯ ಜೊತೆ ಮದುವೆಯಾಯಿತು. ಸಂಪಾದನೆ ಇಲ್ಲ, ಡಿಗ್ರಿ ಇಲ್ಲ. ಮನೆಪಾಠ ಹೇಳಲು ಹೋದರೆ ಮಕ್ಕಳ ಪಠ್ಯ ಬಿಟ್ಟು ಬೇರೆ ಎಲ್ಲಿಗೋ ಹೋಗಿಬಿಡುತ್ತಿದ್ದರು. ಕಾಗದ ಕೊಳ್ಳಲು ದುಡ್ಡಿಲ್ಲದೆ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಕೊನೆಗೆ ಬಂದ ಫಲಿತಾಂಶವನ್ನಷ್ಟೇ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದರು. ಆ ನೋಟ್‌ಬುಕ್ಕುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಲಸ ಹುಡುಕಿಕೊಂಡು ಹೊರಟರು.

1910ರಲ್ಲಿ ತಿರುಕ್ಕೋಯಿಲೂರಿಗೆ ಹೋಗಿ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಕಂಡು ತಾಲ್ಲೂಕು ಕಚೇರಿಯಲ್ಲಿ ಒಂದು ಗುಮಾಸ್ತನ ಕೆಲಸ ಕೇಳಿದರು. ಈ ಅಯ್ಯರ್ 1907ರಲ್ಲಿ ನಮ್ಮ ದೇಶದ ಗಣಿತ ಸಂಘವನ್ನು ಕಟ್ಟಿದವರು. ಅವರು ಅಂಕಪಟ್ಟಿ ನೋಡಲಿಲ್ಲ, ನೋಟ್‌ಬುಕ್ ನೋಡಿದರು. ಇಂಥವನನ್ನು ಕಂದಾಯ ಇಲಾಖೆಯ ಕೊನೇ ಮೆಟ್ಟಿಲಲ್ಲಿ ಕೂರಿಸಿದರೆ ಅನ್ಯಾಯವಾಗುತ್ತದೆ ಎಂದು ಯೋಚಿಸಿ, ಕೆಲಸ ಕೊಡುವ ಬದಲು ಮದ್ರಾಸಿನ ಗೆಳೆಯರಿಗೆ ಪರಿಚಯ ಪತ್ರ ಬರೆದುಕೊಟ್ಟರು. ಹಾಗೆ ದಾರಿ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್ ಅವರ ತನಕ ಹೋಯಿತು. ಅವರು ಸ್ವಂತ ಜೇಬಿನಿಂದ ತಿಂಗಳಿಗೆ 25 ರೂಪಾಯಿ ಕೊಡತೊಡಗಿದರು. ಬೇಡಿ ತಿನ್ನುವುದು ರಾಮಾನುಜನ್‌ಗೆ ಇಷ್ಟವಿರಲಿಲ್ಲ. 1912ರ ಮಾರ್ಚ್ 1ರಂದು ಮದ್ರಾಸ್ ಪೋರ್ಟ್ ಟ್ರಸ್ಟ್‌ನ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತರಾಗಿ ಸೇರಿದರು. ಸಂಬಳ ತಿಂಗಳಿಗೆ 30 ರೂಪಾಯಿ, ವರ್ಷಕ್ಕೆ 360. ಈ 360ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಲ್ಲಿ ಅವರ ಮೇಲಧಿಕಾರಿ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ರಾತ್ರಿ ಹೊತ್ತು ಇಬ್ಬರೂ ಒಂದೊಂದು ಸ್ಲೇಟ್ ಹಿಡಿದು ಕೂರುತ್ತಿದ್ದರು. ಹತ್ತು ಹೆಜ್ಜೆಯ ಲೆಕ್ಕವನ್ನು ರಾಮಾನುಜನ್ ಎರಡೇ ಹೆಜ್ಜೆಯಲ್ಲಿ ದಾಟುತ್ತಿದ್ದರು. ನನಗೇ ತಿಳಿಯದಿದ್ದರೆ ಬೇರೆಯವರಿಗೆ ಹೇಗೆ ತಿಳಿದೀತು ಎಂದು ನಾರಾಯಣ ಅಯ್ಯರ್ ಅವರಿಂದ ನಡುವಿನ ಹೆಜ್ಜೆಗಳನ್ನೂ ಬರೆಸುತ್ತಿದ್ದರು.

ಈ ಕಥೆಯಲ್ಲಿ ನಮ್ಮ ಕರ್ನಾಟಕದ ಪಾಲೂ ಇದೆ. ಗಣಿತ ಸಂಘದ ಪತ್ರಿಕೆಯ ಸಂಪಾದಕರು ಎಂ. ಟಿ. ನಾರಾಯಣ ಅಯ್ಯಂಗಾರ್, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕರು. ರಾಮಾನುಜನ್ ಅವರ ಮೊಟ್ಟಮೊದಲ ಲೇಖನ ಈ ಪತ್ರಿಕೆಯಲ್ಲಿ 1911ರಲ್ಲಿ ಅಚ್ಚಾಯಿತು. ಅಚ್ಚಾಗುವ ಮುಂಚೆ ಹಸ್ತಪ್ರತಿ ಸಂಪಾದಕರಿಗೂ ಲೇಖಕರಿಗೂ ನಡುವೆ ಹೋಗಿ ಬಂದು ಮಾಡಿತು. ಬರವಣಿಗೆ ಎಷ್ಟು ಬಿಗಿಯಾಗಿತ್ತೆಂದರೆ ಸಾಮಾನ್ಯ ಓದುಗರಿಗೆ ಹಿಡಿಯುವುದೇ ಕಷ್ಟ ಎಂದು ಅಯ್ಯಂಗಾರರಿಗೆ ಅನ್ನಿಸಿತ್ತು. ಆದರೆ ಅವರು ಲೇಖನವನ್ನು ಕಸದಬುಟ್ಟಿಗೆ ಹಾಕಲಿಲ್ಲ. ತಿದ್ದಲು ಹೇಳಿದರು, ಮತ್ತೆ ಓದಿದರು, ಅಚ್ಚು ಹಾಕಿಸಿದರು. ಎರಡು ಸಲ ಫೇಲಾದವನ ಹೆಸರು ಪ್ರಾಧ್ಯಾಪಕರ ಹೆಸರುಗಳ ಜೊತೆ ಮುದ್ರಣವಾಯಿತು.

ಆ ಲೇಖನ ಬರ್ನೂಲಿ ಸಂಖ್ಯೆಗಳ ಬಗ್ಗೆ. ಅವು ಭಿನ್ನರಾಶಿಗಳು. ಅವುಗಳ ಛೇದಗಳು 6, 30, 42, 30, 66 ಹೀಗೆ ಬರುತ್ತವೆ. ಬಿಡಿಸಿ ನೋಡಿ: 6 ಅಂದರೆ 2×3, 30 ಅಂದರೆ 2×3×5, 42 ಅಂದರೆ 2×3×7, 66 ಅಂದರೆ 2×3×11. ಪ್ರತಿಯೊಂದರಲ್ಲೂ 2 ಮತ್ತು 3 ಒಂದೊಂದು ಸಲ, ಒಂದೇ ಸಲ ಬರುತ್ತವೆ ಎಂಬುದನ್ನು ರಾಮಾನುಜನ್ ಅಲ್ಲಿ ಬರೆದರು. ಸಂಖ್ಯೆಯನ್ನು ಅವರು ನೋಡುತ್ತಿದ್ದ ರೀತಿಯೇ ಇದು. ನಮಗೆ ಕಾಣುವುದು 30, ಅವರಿಗೆ ಕಾಣುವುದು ಅದರೊಳಗಿನ 2, 3, 5. ಬೇರೆ ಯಾವುದರಿಂದಲೂ ಭಾಗವಾಗದ 2, 3, 5, 7, 11 ಇವೇ ಅವಿಭಾಜ್ಯ ಸಂಖ್ಯೆಗಳು. ಉಳಿದ ಎಲ್ಲ ಸಂಖ್ಯೆಗಳೂ ಇವುಗಳ ಗುಣಾಕಾರದಿಂದ, ಒಂದೇ ಒಂದು ರೀತಿಯಲ್ಲಿ ಹುಟ್ಟುತ್ತವೆ.

1913ರ ಜನವರಿ 16ರಂದು ರಾಮಾನುಜನ್ ಕೇಂಬ್ರಿಡ್ಜಿನ ಜಿ. ಎಚ್. ಹಾರ್ಡಿ ಅವರಿಗೆ ಪತ್ರ ಬರೆದರು. ಇದಕ್ಕೂ ಮೊದಲು ಅಲ್ಲಿಯ ಬೇರೆ ಇಬ್ಬರಿಗೆ ಬರೆದು ಉಪಯೋಗವಾಗಿರಲಿಲ್ಲ. ಹಾರ್ಡಿ ಮಾತ್ರ ಪುಟಗಳನ್ನು ಬದಿಗಿಡದೆ ಗೆಳೆಯ ಲಿಟಲ್‌ವುಡ್ ಜೊತೆ ಕೂತು ಓದಿದರು. ಮೇ ತಿಂಗಳಿಂದ ಮದ್ರಾಸ್ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿ ಸಂಶೋಧನಾ ವೇತನ ಕೊಟ್ಟಿತು. 1914ರ ಮಾರ್ಚ್ 17ರಂದು ಹಡಗು ಹತ್ತಿದರು, ಏಪ್ರಿಲ್ 14ರಂದು ಲಂಡನ್ ಮುಟ್ಟಿದರು. ಆಗಸ್ಟ್‌ನಲ್ಲಿ ಮಹಾಯುದ್ಧ ಶುರುವಾಯಿತು.

ಯುದ್ಧದ ನಡುವೆಯೇ 1915ರಲ್ಲಿ ಅವರು ಅರವತ್ತಕ್ಕೂ ಹೆಚ್ಚು ಪುಟದ ಒಂದು ಲೇಖನ ಪ್ರಕಟಿಸಿದರು. ಅದರ ವಿಷಯ ಹೈಲಿ ಕಾಂಪೋಸಿಟ್ ನಂಬರ್, ನಾವು ಅತಿಸಂಯುಕ್ತ ಸಂಖ್ಯೆ ಎನ್ನೋಣ. ಹೆಸರು ಕೇಳಿ ಹೆದರಬೇಡಿ. ಭಾಗಾಕಾರ ಬರುವ ಯಾರಿಗಾದರೂ ಇದು ತಿಳಿಯುತ್ತದೆ.

ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಅದರ ಭಾಜಕಗಳು. 6ಕ್ಕೆ 1, 2, 3, 6 ಎಂದು ನಾಲ್ಕು. 7ಕ್ಕೆ ಎರಡೇ. 12ಕ್ಕೆ ಆರು. ತನಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ಭಾಜಕಗಳಿರುವ ಸಂಖ್ಯೆಯೇ ಅತಿಸಂಯುಕ್ತ. ಅಂದರೆ ಹೊಸ ರೆಕಾರ್ಡ್ ಮಾಡಬೇಕು, ಹಳೇ ರೆಕಾರ್ಡಿಗೆ ಸಮ ಬಂದರೆ ಸಾಲದು. ಆ ಸಾಲು ಹೀಗೆ ಹೋಗುತ್ತದೆ: 1, 2, 4, 6, 12, 24, 36, 48, 60, 120, 180, 240, 360, 720, 840... ಅಂಗಡಿಯ ಮೊಟ್ಟೆ ಟ್ರೇಯಲ್ಲಿ 30 ಮೊಟ್ಟೆ. 30ಕ್ಕೆ ಎಂಟು ಭಾಜಕ. ಆದರೆ ಅಷ್ಟೇ ಭಾಜಕ ಮೊದಲೇ 24ಕ್ಕೆ ಸಿಕ್ಕಿರುವುದರಿಂದ 30 ಈ ಸಾಲಿಗೆ ಸೇರುವುದಿಲ್ಲ. ನಮ್ಮ ಚಿತ್ರದುರ್ಗದ ಕೋಟೆಯ ಏಳು ಸುತ್ತೂ ಸೇರುವುದಿಲ್ಲ, 7 ಅವಿಭಾಜ್ಯ.

ಭಾಜಕಗಳನ್ನು ಒಂದೊಂದಾಗಿ ಎಣಿಸಬೇಕಿಲ್ಲ. ರಾಮಾನುಜನ್ ಅವರ ವರ್ಷದ ಸಂಬಳ 360ನ್ನೇ ತೆಗೆದುಕೊಳ್ಳಿ. ಬಿಡಿಸಿದರೆ ಮೂರು 2, ಎರಡು 3, ಒಂದು 5. ಒಂದು ಭಾಜಕ ಮಾಡಲು 2ನ್ನು ಒಂದೂ ತೆಗೆದುಕೊಳ್ಳದಿರಬಹುದು, ಒಂದು, ಎರಡು ಅಥವಾ ಮೂರು ತೆಗೆದುಕೊಳ್ಳಬಹುದು. ಒಟ್ಟು ನಾಲ್ಕು ದಾರಿ. ಹಾಗೆಯೇ 3ಕ್ಕೆ ಮೂರು ದಾರಿ, 5ಕ್ಕೆ ಎರಡು. ಗುಣಿಸಿದರೆ 24. ಅಂದರೆ 360ಕ್ಕೆ 24 ಭಾಜಕಗಳು. ಅವುಗಳಲ್ಲಿ ಪೂರ್ಣವರ್ಗ ಯಾವುವು ಅಂದರೆ, ಪ್ರತಿ ಅವಿಭಾಜ್ಯವನ್ನೂ ಜೋಡಿ ಜೋಡಿಯಾಗಿ ತೆಗೆದುಕೊಂಡು ಮಾಡಿದವು: 1, 4, 9, 36. ಪೂರ್ಣಘನ ಬೇಕಾದರೆ ಮೂರು ಮೂರಾಗಿ: 1 ಮತ್ತು 8. ಸಂಖ್ಯೆ ಎಷ್ಟು ದೊಡ್ಡದು ಎನ್ನುವುದರಿಂದ ಇದು ತಿಳಿಯುವುದಿಲ್ಲ. ಒಳಗೆ ಏನೇನು ಎಷ್ಟೆಷ್ಟು ಸಲ ಇದೆ ಎನ್ನುವುದರಿಂದ ತಿಳಿಯುತ್ತದೆ.

ರಾಮಾನುಜನ್ ಈ ಸಂಖ್ಯೆಗಳ ಒಳಗಿನ ಶಿಸ್ತನ್ನು ಕಂಡುಹಿಡಿದರು. 18ರಲ್ಲಿ ಒಂದು 2, ಎರಡು 3. ಭಾಜಕ ಆರು. 12ರಲ್ಲಿ ಎರಡು 2, ಒಂದು 3. ಅದಕ್ಕೂ ಆರೇ. ಅಷ್ಟೇ ಭಾಜಕ ಕಡಿಮೆ ಬೆಲೆಗೆ ಸಿಗುವಾಗ ಹೆಚ್ಚು ಬೆಲೆ ಯಾಕೆ ಕೊಡಬೇಕು? ಇದು ವ್ಯಾಪಾರದ ಬುದ್ಧಿ. ಹಾಗಾಗಿ ಅತಿಸಂಯುಕ್ತ ಸಂಖ್ಯೆಯಲ್ಲಿ 3ರ ಸಂಖ್ಯೆ 2ರ ಸಂಖ್ಯೆಗಿಂತ ಹೆಚ್ಚಿರುವುದಿಲ್ಲ, 5ರದ್ದು 3ಕ್ಕಿಂತ ಹೆಚ್ಚಿರುವುದಿಲ್ಲ, ಮುಂದೆಯೂ ಹೀಗೇ ಮೆಟ್ಟಿಲಿನಂತೆ ಇಳಿಯುತ್ತದೆ. ಕೊನೆಯ ಅವಿಭಾಜ್ಯ ಒಂದೇ ಸಲ ಬರುತ್ತದೆ. ಇದಕ್ಕೆ ಹೊರತಾದವು ಎರಡೇ, 4 ಮತ್ತು 36. ಇದನ್ನೆಲ್ಲ ಸಾಧಿಸಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ 6746328388800 ಎಂಬ ಸಂಖ್ಯೆಯವರೆಗೆ ಕೈಯಿಂದ ಪಟ್ಟಿ ಮಾಡಿದರು. ಅದಕ್ಕೆ 10080 ಭಾಜಕಗಳು. ಆ ಪಟ್ಟಿಯಲ್ಲಿ ಒಂದು ಸಂಖ್ಯೆ ತಪ್ಪಿಹೋಗಿದೆ, 293318625600. ಕೊನೆಯ ಸಂಖ್ಯೆಯನ್ನು 23ರಿಂದ ಭಾಗಿಸಿದರೆ ಸಿಗುವುದು ಇದೇ. ಬೇಕಾದರೆ ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ನೋಡಿ.

ಇಷ್ಟೆಲ್ಲ ಯಾಕೆ ಬೇಕು ಎಂದು ಕೇಳುವವರಿಗೆ ಕಾಮರ್ಸ್ ಕಡೆಯಿಂದ ಉತ್ತರ ಹೇಳುತ್ತೇನೆ. ಹಂಚಿಕೆ ಇರುವ ಕಡೆಯೆಲ್ಲ ಈ ಸಂಖ್ಯೆಗಳಿವೆ. ಡಜನ್‌ಗೆ 12, ದಿನಕ್ಕೆ 24 ಗಂಟೆ, ಗಂಟೆಗೆ 60 ನಿಮಿಷ, ವೃತ್ತಕ್ಕೆ 360 ಡಿಗ್ರಿ. ನಮ್ಮ ಮನೆಗಳಲ್ಲಿ ಆಸ್ತಿ ಹಂಚುವ ಫರಾಯಿಜ್ ಲೆಕ್ಕದಲ್ಲಿ ಬರುವ ಪಾಲುಗಳು ಅರ್ಧ, ಕಾಲು, ಎಂಟನೇ ಒಂದು, ಮೂರನೇ ಎರಡು, ಮೂರನೇ ಒಂದು, ಆರನೇ ಒಂದು. ಈ ಛೇದಗಳ ಲ.ಸಾ.ಅ. 24. ನನ್ನ ದಾದಿ ಈಗಲೂ 50 ಪೈಸೆಗೆ ಎಂಟಾಣೆ ಅನ್ನುತ್ತಾರೆ. ರಾಮಾನುಜನ್ ಪೋರ್ಟ್ ಟ್ರಸ್ಟಿನಲ್ಲಿ ಬರೆದದ್ದು ಆ ರೂಪಾಯಿ ಆಣೆ ಪೈ ಲೆಕ್ಕವೇ. 16 ಆಣೆಗೆ ಒಂದು ರೂಪಾಯಿ, ಆಣೆಗೆ 12 ಪೈ, ಒಟ್ಟು 192 ಪೈ. 192ಕ್ಕೆ 14 ಭಾಜಕ. ಈಗಿನ 100 ಪೈಸೆಗೆ ಒಂಬತ್ತೇ. ಮೂರು ಜನರಿಗೆ ಒಂದು ರೂಪಾಯಿ ಹಂಚುವಾಗ ಹಳೇ ರೂಪಾಯಿಯಲ್ಲಿ ಜಗಳವಿರಲಿಲ್ಲ.

ಲಂಡನ್ನಿನ ಗಣಿತ ಸಂಘಕ್ಕೆ ಆಗ ಹಣದ ಮುಗ್ಗಟ್ಟು. ಖರ್ಚು ಉಳಿಸಲು ಲೇಖನದ ಒಂದು ಭಾಗವನ್ನು ಅಚ್ಚು ಹಾಕದೆ ಬಿಟ್ಟರು. ಆ ಭಾಗ ಟಿಪ್ಪಣಿಗಳ ಸಮೇತ ಪತ್ರಿಕೆಯೊಂದರಲ್ಲಿ ಬಂದದ್ದು 1997ರಲ್ಲಿ. ಆದರೆ ಅಚ್ಚಾದಷ್ಟೇ ಸಾಕಾಯಿತು. ಮುಖ್ಯವಾಗಿ ಈ ಲೇಖನದ ಆಧಾರದ ಮೇಲೆಯೇ 1916ರ ಮಾರ್ಚ್‌ನಲ್ಲಿ ಕೇಂಬ್ರಿಡ್ಜ್ ಅವರಿಗೆ ಸಂಶೋಧನೆಯ ಬಿ.ಎ. ಪದವಿ ಕೊಟ್ಟಿತು. ಎಫ್.ಎ. ದಾಟಲಾಗದವರು ಬಿ.ಎ. ಆದರು. ಶರೀರಶಾಸ್ತ್ರದ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲ.

1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು. ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಆದರು, ಆ ಗೌರವ ಪಡೆದ ಮೊದಲ ಭಾರತೀಯ. ಆದರೆ ಅಷ್ಟರಲ್ಲಿ ದೇಹ ಸೋತಿತ್ತು. ಚಳಿ, ಯುದ್ಧಕಾಲದ ಅಭಾವ, ಶಾಕಾಹಾರಿಗೆ ಸರಿಯಾದ ಊಟವಿಲ್ಲ, ಮಾತಾಡಲು ಮನೆಯವರಿಲ್ಲ. 1917ರಿಂದ ಆಸ್ಪತ್ರೆ, ಸ್ಯಾನಟೋರಿಯಂ ಎಂದು ಅಲೆದಾಟ. ಹಾರ್ಡಿ ನೋಡಲು ಬಂದಾಗ ಟ್ಯಾಕ್ಸಿ ನಂಬರಿನ ಮಾತು ಬಂದದ್ದು ಈ ಕಾಯಿಲೆಯ ಹಾಸಿಗೆಯ ಪಕ್ಕದಲ್ಲಿ. ಹಾರ್ಡಿಗೆ 1729 ಸಪ್ಪೆ ಅನ್ನಿಸಿತ್ತು. ಅನ್ನಿಸಲು ಕಾರಣವೂ ಇದೆ. ಬಿಡಿಸಿದರೆ 7×13×19, ಭಾಜಕ ಎಂಟೇ, 1 ಬಿಟ್ಟರೆ ಯಾವ ಪೂರ್ಣವರ್ಗವೂ ಪೂರ್ಣಘನವೂ ಅದನ್ನು ಭಾಗಿಸುವುದಿಲ್ಲ. ಆದರೆ ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು: 1ರ ಘನ ಮತ್ತು 12ರ ಘನ, 9ರ ಘನ ಮತ್ತು 10ರ ಘನ. ಒಂದು ಪರೀಕ್ಷೆಯಲ್ಲಿ ಫೇಲಾದ ಸಂಖ್ಯೆ ಇನ್ನೊಂದರಲ್ಲಿ ಮೊದಲ ರ‍್ಯಾಂಕ್. ಇದನ್ನು ರಾಮಾನುಜನ್ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅವರ ಬದುಕಿನಲ್ಲಿ ನನಗೆ ಬಹಳ ಇಷ್ಟವಾದ ಲೆಕ್ಕ ಗಣಿತದ್ದಲ್ಲ. ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ವರ್ಷಕ್ಕೆ 250 ಪೌಂಡ್ ಕೊಡಲು ಒಪ್ಪಿತು. 1919ರ ಜನವರಿಯಲ್ಲಿ ಕಾಯಿಲೆಯಲ್ಲಿದ್ದುಕೊಂಡೇ ಅವರು ರಿಜಿಸ್ಟ್ರಾರ್‌ಗೆ ಪತ್ರ ಬರೆದರು. ತಂದೆ ತಾಯಿಗೆ ವರ್ಷಕ್ಕೆ 50 ಪೌಂಡ್ ಕೊಟ್ಟು, ತನ್ನ ಅಗತ್ಯದ ಖರ್ಚು ಕಳೆದು ಉಳಿದದ್ದನ್ನು ಬಡ ಮಕ್ಕಳ ಮತ್ತು ಅನಾಥರ ಶಾಲಾ ಫೀಗೆ, ಪುಸ್ತಕಕ್ಕೆ ಬಳಸಿ ಎಂದು ಕೇಳಿಕೊಂಡರು. ಫೀ ಕಟ್ಟಲಾಗದೆ ಕಾಲೇಜು ಕಳೆದುಕೊಂಡವರು ಅದನ್ನು ಮರೆತಿರಲಿಲ್ಲ.

ಆ ವರ್ಷದ ಮಾರ್ಚ್‌ನಲ್ಲಿ ಊರಿಗೆ ಮರಳಿದರು. ಹಾಸಿಗೆಯಲ್ಲೇ ಹೊಸ ಗಣಿತ ಬರೆದರು. 1920ರ ಏಪ್ರಿಲ್ 26ರಂದು ಮದ್ರಾಸಿನ ಚೇಟ್‌ಪಟ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 32 ವರ್ಷ. ಕೊನೆಯ ದಿನಗಳ ಹಾಳೆಗಳು ಕೇಂಬ್ರಿಡ್ಜಿನ ಗ್ರಂಥಾಲಯದಲ್ಲಿ ಕಣ್ಣಿಗೆ ಬಿದ್ದದ್ದು 1976ರಲ್ಲಿ. ಪತ್ನಿ ಜಾನಕಿ ಬಟ್ಟೆ ಹೊಲಿದು ಜೀವನ ಮಾಡಿದರು, ಒಬ್ಬ ಹುಡುಗನನ್ನು ಸಾಕಿ ಓದಿಸಿದರು, 1994ರವರೆಗೆ ಬದುಕಿದ್ದರು.

ರಾಮಾನುಜನ್ ಫೇಲಾದರೂ ದೊಡ್ಡವರಾದರು, ಹಾಗಾಗಿ ಫೇಲಾದರೆ ಚಿಂತೆ ಇಲ್ಲ ಎಂದು ಕೆಲವರು ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಫೇಲಾದದ್ದರಿಂದ ಅವರಿಗೆ ಲಾಭವಾಗಲಿಲ್ಲ. ಐದಾರು ವರ್ಷ ಹೋಯಿತು, ಊಟ ಹೋಯಿತು, ಆರೋಗ್ಯವೂ ಹೋಗಿರಬೇಕು. ಅವರನ್ನು ಉಳಿಸಿದ್ದು ಏಳೆಂಟು ಜನ. ಒಬ್ಬ ಡೆಪ್ಯುಟಿ ಕಲೆಕ್ಟರ್, ಒಬ್ಬ ಕಲೆಕ್ಟರ್, ಒಬ್ಬ ಲೆಕ್ಕಪತ್ರ ಅಧಿಕಾರಿ, ಬೆಂಗಳೂರಿನ ಒಬ್ಬ ಮೇಷ್ಟ್ರು, ಕೇಂಬ್ರಿಡ್ಜಿನ ಒಂದಿಬ್ಬರು. ಇವರೆಲ್ಲ ಮಾಡಿದ ಕೆಲಸ ಒಂದೇ, ಅಂಕಪಟ್ಟಿಯ ಆಚೆಗೆ ನೋಟ್‌ಬುಕ್ ತೆರೆದು ನೋಡಿದ್ದು. ನೋಡಿ ಸುಮ್ಮನೆ ಹೊಗಳಲಿಲ್ಲ, ಸರಿಯಾಗಿ ಬರೆ ಎಂದು ತಿದ್ದಿದರು.

ಬಿ.ದುರ್ಗ, ಹೊಳಲ್ಕೆರೆ ಕಡೆಯಿಂದ ಬಸ್ಸು ಹಿಡಿದು ಬರುವ ನಮ್ಮಲ್ಲಿ, ಫಸ್ಟ್ ಪಿಯುಸಿಯಲ್ಲಿ ಒಂದು ವಿಷಯ ಹೋಯಿತೆಂದು ಕಾಲೇಜು ಬಿಟ್ಟು ಅಡಿಕೆ ಮಂಡಿಗೋ ಗ್ಯಾರೇಜಿಗೋ ಸೇರಿದವರು ಪ್ರತಿ ವರ್ಷ ಇರುತ್ತಾರೆ. ಕೆಲವು ಹುಡುಗಿಯರು ಮನೆಯಲ್ಲೇ ಉಳಿಯುತ್ತಾರೆ. ಅವರೆಲ್ಲ ರಾಮಾನುಜನ್ ಎಂದು ನಾನು ಹೇಳುತ್ತಿಲ್ಲ. ಅವರ ನೋಟ್‌ಬುಕ್ಕಿನಲ್ಲಿ ಏನಿತ್ತು ಎಂದು ಯಾರಾದರೂ ನೋಡಿದ್ದರಾ ಎಂದಷ್ಟೇ ಕೇಳುತ್ತಿದ್ದೇನೆ. ಪಕ್ಕದ ಬೆಂಚಿನಲ್ಲಿ ಕೂರುವವರನ್ನು ಸಪ್ಲಿಮೆಂಟರಿ ಪರೀಕ್ಷೆಗೆ ಕೂರಿಸುವುದು, ಬಾರದ ಒಂದು ವಿಷಯವನ್ನು ಸಂಜೆ ಅರ್ಧ ಗಂಟೆ ಹೇಳಿಕೊಡುವುದು ನಮ್ಮ ಕೈಯಲ್ಲಾಗುವ ಕೆಲಸ. ಅದಕ್ಕೆ ಕಲೆಕ್ಟರ್ ಆಗಬೇಕಿಲ್ಲ.